ವಾರದ ಹವಾಮಾನ ನೋಡಿ ತೋಟಕ್ಕೆ ಮದ್ದು ಹೊಡೆಸುವವರ ಅನುಭವಗಳು

ಪ್ರಶ್ನೆ: ತೀರ್ಥಹಳ್ಳಿಯ ಸಮೀಪ ನಮ್ಮದು ಎರಡು ಎಕರೆ ಅಡಿಕೆ ತೋಟ. ನಾನು ಊರಿಗೆ ಮರಳಿ ಒಂದು ವರ್ಷವಾಯಿತಷ್ಟೆ. ಕೊಳೆ ರೋಗಕ್ಕೆ ಎರಡನೆಯ ಸುತ್ತಿನ ಬೋರ್ಡೋ (ಮೈಲುತುತ್ತ, ಸುಣ್ಣ ಕಲಸಿದ ಮದ್ದು) ಹೊಡೆಸಬೇಕಾಗಿದೆ. ಫೋನಿನಲ್ಲಿ ವಾರದ ಏಳೂ ದಿನ ಮಳೆಯ ಚಿತ್ರವೇ ಇರುತ್ತದೆ, ಕೆಳಗೆ ಶೇಕಡ 80, 90 ಎಂದು ಬರೆದಿರುತ್ತದೆ. ಕಳೆದ ವರ್ಷ ಅದನ್ನು ನಂಬಿ ಕಾದಾಗ ಮೂರು ದಿನ ಹೊಳವಾಗಿತ್ತು, ಅಂದರೆ ಮಳೆ ಬಿಡುವು ಕೊಟ್ಟಿತ್ತು; ಕಡೆಗೆ ಹೊಡೆಸಿದ ದಿನವೇ ಮಳೆ ಬಂದು ಮದ್ದೆಲ್ಲ ತೊಳೆದುಹೋಯಿತು. ವಾರದ ಮುನ್ಸೂಚನೆಯನ್ನು ನೀವು ಹೇಗೆ ಓದುತ್ತೀರಿ?

ಆಗುಂಬೆ ರಸ್ತೆಯ ಕಡೆಯ ಬೆಳೆಗಾರರೊಬ್ಬರ ಉತ್ತರ: ತೋಟ ನನ್ನ ಕೈಗೆ ಬಂದ ಮೊದಲ ವರ್ಷಗಳಲ್ಲಿ ನಾನೂ ಇದೇ ನಷ್ಟವನ್ನು ಅನುಭವಿಸಿದ್ದೇನೆ, ಆದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ. ಶೇಕಡ 80 ಎಂಬ ಅಂಕಿ ಮಳೆಯ ಪ್ರಮಾಣವನ್ನಾಗಲಿ ಅವಧಿಯನ್ನಾಗಲಿ ಹೇಳುವುದಿಲ್ಲ. ಅಂಥ ಹತ್ತು ದಿನಗಳಲ್ಲಿ ಎಂಟು ದಿನ ಅಳತೆಗೆ ಸಿಗುವಷ್ಟು ಮಳೆ ಬಿದ್ದೀತು ಎಂಬುದಷ್ಟೇ ಅದರ ಅರ್ಥ. ಆರಿದ್ರಾ, ಪುನರ್ವಸು ಮಳೆಯ ಕಾಲದಲ್ಲಿ ನಮ್ಮಲ್ಲಿ ಹನಿ ಬೀಳದ ದಿನವೇ ಅಪರೂಪವಾದ್ದರಿಂದ ಆ ಅಂಕಿಯನ್ನು ತಪ್ಪೆನ್ನುವಂತಿಲ್ಲ. ಆದರೆ ನಮಗೆ ತಿಳಿಯಬೇಕಾದದ್ದು ಎಷ್ಟು ಮಿಲಿಮೀಟರ್ ಬೀಳುತ್ತದೆ, ಯಾವ ಹೊತ್ತಿಗೆ ಬೀಳುತ್ತದೆ, ಹೊಡೆದ ಮದ್ದು ಗೊನೆಯ ಮೇಲೆ ಒಣಗಿ ಕೂರುವಷ್ಟು ಬಿಡುವು ಸಿಗುತ್ತದೆಯೇ ಎಂಬುದು. ಅದಕ್ಕೆ ಏಳು ದಿನಗಳ ಚಿತ್ರವನ್ನು ಬಿಟ್ಟು ಗಂಟೆಗಂಟೆಯ ಮುನ್ಸೂಚನೆಯನ್ನೂ ಹವಾಮಾನ ಇಲಾಖೆಯ ಬರಹದ ವರದಿಯನ್ನೂ ನೋಡಿ.

ಇಲಾಖೆಯ ಮಾತಿಗೆ ಖಚಿತವಾದ ಅಳತೆಯಿದೆ. 24 ಗಂಟೆಗಳಲ್ಲಿ 15.6ರಿಂದ 64.4 ಮಿ.ಮೀ. ಬಿದ್ದರೆ ಅದು ಸಾಧಾರಣ ಮಳೆ, 64.5ರಿಂದ ಭಾರೀ ಮಳೆ, 115.6ರಿಂದ ಅತಿ ಭಾರೀ ಮಳೆ. ಒಂದು ಮಿಲಿಮೀಟರ್ ಎಂದರೆ ಒಂದು ಚದರ ಮೀಟರ್ ನೆಲಕ್ಕೆ ಒಂದು ಲೀಟರ್ ನೀರು. ‘ಒಂದೆರಡು ಕಡೆ’ ಎಂದರೆ ಆ ಪ್ರದೇಶದ ಮಳೆ ಅಳೆಯುವ ಕೇಂದ್ರಗಳಲ್ಲಿ ಕಾಲು ಭಾಗಕ್ಕಿಂತ ಹೆಚ್ಚಿನವುಗಳಲ್ಲಿ ಮಳೆಯಾಗದು ಎಂದರ್ಥ. ‘ಕೆಲವು ಕಡೆ’ ಎಂದರೆ ಅರ್ಧದವರೆಗೆ. ಹೀಗಾಗಿ ‘ಶಿವಮೊಗ್ಗ ಜಿಲ್ಲೆಯ ಒಂದೆರಡು ಕಡೆ ಭಾರೀ ಮಳೆ’ ಎಂಬ ಸುದ್ದಿ ಕೇಳಿ ಕೊನೆಗಾರರನ್ನು (ಅಡಿಕೆ ಮರ ಹತ್ತಿ ಮದ್ದು ಹೊಡೆಯುವವರನ್ನು) ಬರಬೇಡಿ ಎನ್ನುವ ಮೊದಲು ಆ ಒಂದೆರಡು ಕಡೆಗಳಲ್ಲಿ ನಮ್ಮ ಊರು ಸೇರುತ್ತದೆಯೇ ಎಂದು ಯೋಚಿಸಬೇಕು.

ನಮ್ಮ ಜಿಲ್ಲೆಯಲ್ಲಿ ಈ ಯೋಚನೆ ಬಹಳ ಮುಖ್ಯ. ಅರಬ್ಬೀ ಸಮುದ್ರದಿಂದ ಬರುವ ತೇವದ ಗಾಳಿ ಘಟ್ಟಕ್ಕೆ ಬಡಿದು ಮೇಲೇರುತ್ತದೆ, ಮೇಲೇರಿದಂತೆ ಹಿಗ್ಗಿ ತಣ್ಣಗಾಗುತ್ತದೆ, ತಣ್ಣಗಾದ ಗಾಳಿ ತೇವವನ್ನು ಹಿಡಿದಿಟ್ಟುಕೊಳ್ಳಲಾರದೆ ಘಟ್ಟದ ನೆತ್ತಿಯಲ್ಲೇ ಸುರಿಸಿಬಿಡುತ್ತದೆ. ಘಟ್ಟ ದಾಟಿ ಪೂರ್ವಕ್ಕೆ ಇಳಿಯುವ ಗಾಳಿಯಲ್ಲಿ ಉಳಿದಿರುವ ತೇವ ಕಡಿಮೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿ.ಮೀ.ಗೂ ಹೆಚ್ಚು ಮಳೆಯಾದರೆ ಅದೇ ಜಿಲ್ಲೆಯ ಶಿವಮೊಗ್ಗ ನಗರಕ್ಕೆ ಅದರ ಐದನೆಯ ಒಂದು ಪಾಲೂ ಸಿಗುವುದಿಲ್ಲ. ತೀರ್ಥಹಳ್ಳಿ ಇವೆರಡರ ನಡುವೆ ಇದೆ. ಜಿಲ್ಲೆಗೆಲ್ಲ ಒಂದೇ ಬಣ್ಣದ ಎಚ್ಚರಿಕೆ ಬಂದಾಗ ಅದು ನಿಮ್ಮ ತೋಟಕ್ಕೆ ಎಷ್ಟರಮಟ್ಟಿಗೆ ಹೊಂದುತ್ತದೆ ಎಂದು ತಿಳಿಯಲು ನಿಮ್ಮದೇ ಲೆಕ್ಕ ಬೇಕು.

ಅದಕ್ಕಾಗಿ ನಾನು ಅಂಗಳದ ಬಯಲಿನಲ್ಲಿ, ಮರದ ಹನಿ ತಾಗದ ಕಡೆ, ಕಂಬಕ್ಕೆ ಮಳೆಮಾಪಕವೊಂದನ್ನು ಕಟ್ಟಿದ್ದೇನೆ. ಕೊಳ್ಳಲಾಗದಿದ್ದರೆ ಬಾಯಿಂದ ತಳದವರೆಗೆ ಒಂದೇ ಅಗಲವಿರುವ ಡಬ್ಬಿ ಮತ್ತು ಅಡಿಪಟ್ಟಿ ಸಾಕು. ಇಲಾಖೆಯ ಲೆಕ್ಕದ ದಿನ ಬೆಳಗಿನ 8.30ಕ್ಕೆ ಮುಗಿಯುವುದರಿಂದ ನಾನೂ ಅದೇ ಹೊತ್ತಿಗೆ ಕೊಡೆ ಹಿಡಿದು ಹೋಗಿ, ನೀರಿನ ಮಟ್ಟಕ್ಕೆ ಕಣ್ಣನ್ನು ಸಮನಾಗಿಟ್ಟು ಓದಿ, ಗೋಡೆಯ ಕ್ಯಾಲೆಂಡರಿನಲ್ಲಿ ಬರೆಯುತ್ತೇನೆ. ಪಕ್ಕದಲ್ಲಿ ಹಿಂದಿನ ದಿನ ಮುನ್ಸೂಚನೆ ಏನು ಹೇಳಿತ್ತೆಂಬುದನ್ನೂ ಪೆನ್ಸಿಲಿನಲ್ಲಿ ಗುರುತಿಸುತ್ತೇನೆ. ಎರಡು ಮಳೆಗಾಲ ಹೀಗೆ ಬರೆದ ಮೇಲೆ ನನಗೆ ತಿಳಿದದ್ದೆಂದರೆ, ಮೊದಲ ಎರಡು ಮೂರು ದಿನಗಳ ಮಾತನ್ನು ನೆಚ್ಚಿ ಆಳು ಕರೆಯಬಹುದು, ಐದನೆಯ ದಿನದಿಂದಾಚೆಗಿನದನ್ನು ಮಳೆ ಏರುತ್ತದೆಯೋ ಇಳಿಯುತ್ತದೆಯೋ ಎಂಬ ಒಲವಾಗಿ ಮಾತ್ರ ತೆಗೆದುಕೊಳ್ಳಬೇಕು. ಇಂದಿನ ಗಾಳಿ, ಒತ್ತಡ, ಉಷ್ಣಾಂಶಗಳ ಅಳತೆಯಲ್ಲಿ ಉಳಿಯುವ ಸಣ್ಣ ವ್ಯತ್ಯಾಸ ದಿನ ಕಳೆದಂತೆ ದೊಡ್ಡದಾಗುತ್ತ ಹೋಗುತ್ತದೆ. ಅಮೆರಿಕದ ಹವಾಮಾನ ವಿಜ್ಞಾನಿ ಎಡ್ವರ್ಡ್ ಲೊರೆಂಜ್ 1963ರಲ್ಲಿ ತೋರಿಸಿಕೊಟ್ಟದ್ದು ಇದನ್ನೇ. ಮೈಲುತುತ್ತ ಮತ್ತು ಸುಣ್ಣ ಕಲಸಿದ ದ್ರಾವಣವನ್ನು ಅದೇ ದಿನ ಮುಗಿಸಬೇಕಾದ್ದರಿಂದ, ಹಿಂದಿನ ರಾತ್ರಿಯ ಮತ್ತು ಬೆಳಗಿನ ಹೊಸ ಮುನ್ಸೂಚನೆಯನ್ನು ನೋಡಿದ ಮೇಲೆಯೇ ನಾನು ಡ್ರಮ್ಮಿಗೆ ನೀರು ತುಂಬಿಸುತ್ತೇನೆ.

ಕೊಪ್ಪದ ಕಡೆಯ ಇನ್ನೊಬ್ಬರ ಉತ್ತರ: ಹೊಳವು ಯಾವಾಗ ಬಂದೀತೆಂದು ತಿಳಿಯಲು ನಾನು ಬಂಗಾಳ ಕೊಲ್ಲಿಯ ಸುದ್ದಿಯನ್ನು ಬಿಡದೆ ಓದುತ್ತೇನೆ. ಕೊಲ್ಲಿಯ ವಾಯವ್ಯದಲ್ಲಿ ವಾಯುಭಾರ ಕುಸಿದು ಒಡಿಶಾ ಕಡೆಗೆ ಸಾಗಿದರೆ ನಮ್ಮ ಘಟ್ಟಕ್ಕೆ ಬಡಿಯುವ ಪಶ್ಚಿಮದ ಗಾಳಿ ಬಲವಾಗುತ್ತದೆ. ಅಂಥ ಸುದ್ದಿ ಬಂದ ವಾರ ನಾನು ಮದ್ದಿನ ಮಾತನ್ನೇ ಎತ್ತುವುದಿಲ್ಲ. ಅದು ಕರಗಿ, ಕರಾವಳಿಯುದ್ದಕ್ಕೂ ಚಾಚಿದ ಕಡಿಮೆ ಒತ್ತಡದ ಪಟ್ಟಿಯೂ ದುರ್ಬಲವಾಗಿದೆ ಎಂದು ವರದಿ ಬಂದರೆ ಆಗ ಕೊನೆಗಾರರಿಗೆ ಹೇಳಿಡುತ್ತೇನೆ. ಮುಂದಿನ ವಾರಗಳ ನೋಟವನ್ನು ಇಲಾಖೆ ಗುರುವಾರ ಪ್ರಕಟಿಸುತ್ತದೆ, ರೈತರಿಗಾಗಿ ಬರುವ ಕೃಷಿ ಹವಾಮಾನ ವರದಿ ಮಂಗಳವಾರ ಮತ್ತು ಶುಕ್ರವಾರ ಸಿಗುತ್ತದೆ. ಮೇಘದೂತ್ ಆ್ಯಪ್‌ನಲ್ಲಿ ಅದನ್ನು ಕನ್ನಡದಲ್ಲೇ ಓದಬಹುದು. ಸುತ್ತುಗಳ ನಡುವೆ 40ರಿಂದ 45 ದಿನಗಳ ಅಂತರ ಎಂಬ ಲೆಕ್ಕವಿದ್ದರೂ, 38ನೆಯ ದಿನ ಒಳ್ಳೆಯ ಹೊಳವು ಕಂಡರೆ ನಾನು ಹೊಡೆಸಿಬಿಡುತ್ತೇನೆ. ಐವತ್ತು ದಿನ ಕಾದು ಗೊನೆ ಉದುರುವುದನ್ನು ನೋಡಿದ ನೋವು ನನಗಿದೆ.

ನೆಲದ ಮೇಲೆ ನಿಂತು ದೋಟಿಯಿಂದ (ಉದ್ದನೆಯ ಕೋಲಿನಿಂದ) ಮದ್ದು ಹೊಡೆಯುವವರೊಬ್ಬರ ಮಾತು: ಮೇ ಕೊನೆಯ ಮೊದಲ ಸುತ್ತಿನಲ್ಲಿ ಮಳೆಗಿಂತ ಸಿಡಿಲಿನ ಭಯ ಹೆಚ್ಚು. ಬೆಳಗಿನ ಬಿಸಿಲಿಗೆ ಕಾದ ಗಾಳಿ ಮೇಲೆದ್ದು ಮಧ್ಯಾಹ್ನದ ಮೇಲೆ ಮೋಡ ಕಟ್ಟುವುದರಿಂದ ಆ ದಿನಗಳಲ್ಲಿ ಬೆಳಿಗ್ಗೆಯೇ ಕೆಲಸ ಮುಗಿಸಿಕೊಡುತ್ತೇವೆ. ಕಾರ್ಬನ್ ಫೈಬರ್ ದೋಟಿಯಲ್ಲೂ ವಿದ್ಯುತ್ ಹರಿಯುತ್ತದೆ ಎಂಬುದು ಅನೇಕರಿಗೆ ಗೊತ್ತಿಲ್ಲ. ಮಿಂಚಿಗೂ ಗುಡುಗಿಗೂ ನಡುವಿನ ಸೆಕೆಂಡುಗಳನ್ನು ಮೂರರಿಂದ ಭಾಗಿಸಿದರೆ ಸಿಡಿಲು ಎಷ್ಟು ಕಿಲೋಮೀಟರ್ ದೂರದಲ್ಲಿದೆ ಎಂದು ತಿಳಿಯುತ್ತದೆ. ಎಣಿಕೆ ಮೂವತ್ತರ ಒಳಗೆ ಬಂದರೆ ದೋಟಿ ಮಲಗಿಸಿ ಮನೆಯೊಳಗೆ ಬನ್ನಿ, ಕೊನೆಯ ಗುಡುಗಿನ ನಂತರ ಅರ್ಧ ಗಂಟೆ ಕಳೆಯುವವರೆಗೆ ತೋಟಕ್ಕೆ ಇಳಿಯಬೇಡಿ.