ಪ್ರಶ್ನೋತ್ತರ: ಸಿನಿಮಾ ನೋಡಿದ ಮಗ ‘ಯೇಸುಸ್ವಾಮಿಗೆ ಮದುವೆಯಾಗಿತ್ತೇ’ ಎಂದು ಕೇಳಿದರೆ?

ಉತ್ತರಿಸುವವರು: ಬಳಗದ ಧರ್ಮಗುರುಗಳು, ಧರ್ಮಸಭೆಯ ಇತಿಹಾಸದ ಬೋಧಕರು

ಪ್ರಶ್ನೆ (ಶಿವಮೊಗ್ಗದ ಗೃಹಿಣಿ): ನಮಸ್ಕಾರ ಫಾದರ್. ದ್ವಿತೀಯ ಪಿಯುಸಿ ಓದುತ್ತಿರುವ ನಮ್ಮ ಮಗ ಗೆಳೆಯರೊಂದಿಗೆ ‘ದ ಡಾವಿಂಚಿ ಕೋಡ್’ ನೋಡಿದ್ದಾನೆ. ಯೇಸುಸ್ವಾಮಿ ತಮ್ಮ ಶಿಷ್ಯೆ ಮಗ್ದಲದ ಮರಿಯಳನ್ನು ಮದುವೆಯಾಗಿದ್ದರಂತೆ, ಧರ್ಮಸಭೆ (ಚರ್ಚ್) ಅದನ್ನು ಮುಚ್ಚಿಟ್ಟಿತಂತೆ, ನಿಜವೇ ಎಂದು ಅಜ್ಜಿಯ ಎದುರಿಗೇ ಕೇಳಿದ. ಅತ್ತೆಯವರು ಎರಡು ದಿನ ಅವನೊಂದಿಗೆ ಮಾತನಾಡಲಿಲ್ಲ. ಯಜಮಾನರು ಮೊಬೈಲ್ ಕಿತ್ತಿಟ್ಟುಕೊಂಡಿದ್ದಾರೆ. ಇಂಥ ಸಿನಿಮಾಗಳನ್ನು ಮನೆಯಿಂದ ದೂರ ಇಡುವುದು ಹೇಗೆ?

ಉತ್ತರ: ಅಮ್ಮಾ, ಮೊದಲು ಮೊಬೈಲನ್ನು ಹಿಂತಿರುಗಿಸಲು ಹೇಳಿ. ಹುಡುಗ ಅನುಮಾನವನ್ನು ಒಳಗೇ ಇಟ್ಟುಕೊಳ್ಳದೆ ಮನೆಯವರ ಮುಂದೆ ತಂದಿಟ್ಟಿದ್ದಾನೆ. ಅದಕ್ಕೆ ದಂಡ ವಿಧಿಸಿದರೆ ಮುಂದಿನ ಪ್ರಶ್ನೆ ನಿಮ್ಮವರೆಗೆ ಬರುವುದಿಲ್ಲ.

ಈ ಸಿನಿಮಾ ನಂಬಿಕೆಯನ್ನು ಅಣಕಿಸುವುದಕ್ಕಿಂತ ಹೆಚ್ಚಾಗಿ ಇತಿಹಾಸದ ಹೆಸರಿನಲ್ಲಿ ಕೆಲವು ಮಾತುಗಳನ್ನಾಡುತ್ತದೆ. ಆದ್ದರಿಂದ ಇತಿಹಾಸದಿಂದಲೇ ಉತ್ತರ ಕೊಡಬೇಕು. ‘ಹಾಗೆಲ್ಲ ಕೇಳಬಾರದು’ ಎಂದರೆ ಉತ್ತರವಾಗುವುದಿಲ್ಲ. ಕ್ರಿಸ್ತರ ವಂಶವನ್ನು ಕಾಪಾಡಿಕೊಂಡು ಬಂದಿತೆಂದು ಸಿನಿಮಾ ತೋರಿಸುವ ಆ ರಹಸ್ಯ ಸಂಘವನ್ನೇ ತೆಗೆದುಕೊಳ್ಳಿ. ಫ್ರಾನ್ಸಿನಲ್ಲಿ ಪಿಯೆರ್ ಪ್ಲಾಂತಾರ್ ಎಂಬಾತ ಅದನ್ನು ನೋಂದಾಯಿಸಿದ್ದು 1956ರಲ್ಲಿ. ಅದಕ್ಕೆ ಮಧ್ಯಯುಗದ ವಂಶಾವಳಿ ಕಟ್ಟಿಕೊಡುವ ಖೋಟಾ ಕಾಗದಗಳು ಪ್ಯಾರಿಸಿನ ರಾಷ್ಟ್ರೀಯ ಗ್ರಂಥಾಲಯವನ್ನು ಸೇರಿದ್ದು 1960ರ ದಶಕದಲ್ಲಿ. ನಿಮ್ಮ ಅತ್ತೆಯವರ ವಯಸ್ಸು ಆ ಸಂಘದ ವಯಸ್ಸಿಗಿಂತ ಹೆಚ್ಚೇ ಇರಬಹುದು.

ಇನ್ನು ಕ್ರಿ.ಶ. 325ರಲ್ಲಿ ಬಿಷಪರು ಸೇರಿದ್ದ ನೈಸಿಯಾ ಮಹಾಸಭೆ. ಅಲ್ಲಿ ಮತ ಹಾಕಿ, ಕೂದಲೆಳೆಯ ಅಂತರದಲ್ಲಿ ಯೇಸುವನ್ನು ದೇವರನ್ನಾಗಿ ಮಾಡಿದರು ಎಂಬ ಮಾತು ಈ ಕಥೆಯಿಂದ ಹಬ್ಬಿದೆ. ಆದರೆ ಸುಮಾರು ಮುನ್ನೂರು ಬಿಷಪರಲ್ಲಿ, ಯೇಸು ದೇವರೆಂದು ಸಾರುವ ಅಲ್ಲಿನ ವಿಶ್ವಾಸ ಪ್ರಕಟಣೆಗೆ ಕೊನೆಯವರೆಗೂ ಸಹಿ ಹಾಕದೆ ಉಳಿದವರು ಇಬ್ಬರೇ. ಅದಕ್ಕೂ ಎರಡು ಶತಮಾನ ಮೊದಲೇ, 112ರ ಸುಮಾರಿಗೆ, ಪ್ಲಿನಿ ಎಂಬ ರೋಮನ್ ರಾಜ್ಯಪಾಲ ತನ್ನ ಚಕ್ರವರ್ತಿಗೆ ಬರೆದ ಪತ್ರದಲ್ಲಿ, ಕ್ರೈಸ್ತರು ಬೆಳಗಾಗುವ ಮುನ್ನ ಸೇರಿ ಕ್ರಿಸ್ತರನ್ನು ದೇವರೆಂದು ಹಾಡಿ ಸ್ತುತಿಸುತ್ತಾರೆ ಎಂದು ತಿಳಿಸಿದ್ದಾನೆ. ಆತ ನಮ್ಮವನಲ್ಲ, ನಮ್ಮವರನ್ನು ವಿಚಾರಣೆಗೆ ಎಳೆದವನು. ಹದಿನೇಳರ ಹುಡುಗನಿಗೆ ಇಂಥ ಸಾಕ್ಷ್ಯ ಹಿಡಿಸುತ್ತದೆ.

ಮಗ್ದಲದ ಮರಿಯಳ ವಿಷಯದಲ್ಲಿ ಮಾತ್ರ, ಧರ್ಮಸಭೆ ಆಕೆಗೆ ವೇಶ್ಯೆಯೆಂಬ ಹೆಸರು ಅಂಟಿಸಿತೆಂಬ ಸಿನಿಮಾದ ದೂರಿನಲ್ಲಿ ಅರ್ಧ ಸತ್ಯವಿದೆ. ಅದನ್ನು ಒಪ್ಪಿಕೊಳ್ಳಲು ಹಿಂಜರಿಯಬೇಡಿ. ಯೇಸುವಿನ ಜೀವನವನ್ನು ಹೇಳುವ ಬೈಬಲಿನ ನಾಲ್ಕು ಶುಭಸಂದೇಶಗಳಲ್ಲಿ ಎಲ್ಲಿಯೂ ಆಕೆ ವೇಶ್ಯೆಯಲ್ಲ. 591ರಲ್ಲಿ ಪೋಪ್ ಮಹಾ ಗ್ರೆಗರಿಯವರು ಒಂದು ಪ್ರಸಂಗದಲ್ಲಿ, ಲೂಕರ ಶುಭಸಂದೇಶದಲ್ಲಿ ಬರುವ ಪಾಪಿ ಸ್ತ್ರೀಯೂ ಇವಳೂ ಒಬ್ಬಳೇ ಎಂದರು. ಪಶ್ಚಿಮದ ಧರ್ಮಸಭೆಯಲ್ಲಿ ಆ ಹೆಸರು ಶತಮಾನಗಳ ಕಾಲ ಅಂಟಿಕೊಂಡಿತು. ಯೇಸುವಿನ ಪುನರುತ್ಥಾನದ ಸುದ್ದಿಯನ್ನು ಶಿಷ್ಯರಿಗೆ ಮೊದಲು ತಿಳಿಸಿದವಳು ಅವಳು. 2016ರಲ್ಲಿ ಪೋಪ್ ಫ್ರಾನ್ಸಿಸ್ ಜುಲೈ 22ರ ಆಕೆಯ ಸ್ಮರಣೆಯನ್ನು ಪ್ರೇಷಿತರ (ಯೇಸು ಸಾರಲು ಕಳುಹಿಸಿದ ಶಿಷ್ಯರ) ಹಬ್ಬಗಳ ಮಟ್ಟಕ್ಕೆ ಏರಿಸಿದರು. ಆದರೆ ಮದುವೆಯ ಮಾತು ಯಾವ ಶುಭಸಂದೇಶದಲ್ಲಿಯೂ ಇಲ್ಲ. ಇಷ್ಟನ್ನು ತಿಳಿದುಕೊಂಡು ನೀವು ಮತ್ತು ನಿಮ್ಮ ಯಜಮಾನರು ಮಗನ ಪಕ್ಕದಲ್ಲಿ ಕುಳಿತು ಅದೇ ಸಿನಿಮಾವನ್ನು ಇನ್ನೊಮ್ಮೆ ನೋಡಿ. ಅತ್ತೆಯವರನ್ನು ಕೂರಿಸುವುದು ಬೇಡ. ಅವರಿಗೆ ಈ ಪ್ರಶ್ನೆ ಇಲ್ಲ, ನೋವು ಮಾತ್ರ ಆಗುತ್ತದೆ.

ಮರುಪ್ರಶ್ನೆ (ಮಂಗಳೂರಿನ ನಿವೃತ್ತ ಶಿಕ್ಷಕರು): ಫಾದರ್, ನೀವು ಬಹಳ ಮೃದುವಾದಿರಿ. ಬೇರೆಯವರು ಪ್ರತಿಭಟನೆ ಮಾಡಿ ಸಿನಿಮಾ ನಿಲ್ಲಿಸುತ್ತಾರೆ. ನಾವೇಕೆ ನಿಷೇಧ ಕೇಳಬಾರದು?

ಉತ್ತರ: ಸರ್, ಅದೂ ಆಗಿ ನೋಡಿದೆವಲ್ಲ. 2006ರ ಮೇ ತಿಂಗಳಲ್ಲಿ ಇದೇ ಚಿತ್ರಕ್ಕೆ ಸೆನ್ಸಾರ್ ಮಂಡಳಿ ‘ಎ’ ಪ್ರಮಾಣಪತ್ರ ಕೊಟ್ಟಿತು, ಇದು ಕಾಲ್ಪನಿಕ ಎಂಬ ಸೂಚನೆಯನ್ನೂ ಹಾಕಿಸಿತು. ಕೇಂದ್ರ ಸಚಿವ ಪ್ರಿಯರಂಜನ್ ದಾಸ್ ಮುನ್ಶಿ ಅವರು ಕಥೋಲಿಕ ಪ್ರತಿನಿಧಿಗಳೊಂದಿಗೆ ಕುಳಿತು ಚಿತ್ರ ನೋಡಿದರು. ಆದರೂ ಆಂಧ್ರಪ್ರದೇಶ, ತಮಿಳುನಾಡು, ಗೋವಾ, ಪಂಜಾಬ್, ನಾಗಾಲ್ಯಾಂಡ್ ಸರ್ಕಾರಗಳು ನಿಷೇಧ ಹೇರಿದವು. ಆಂಧ್ರದ ಹೈಕೋರ್ಟ್ ಜೂನ್‌ನಲ್ಲಿ ಅಲ್ಲಿನ ಆದೇಶವನ್ನು ರದ್ದು ಮಾಡಿತು, ಮದ್ರಾಸ್ ಹೈಕೋರ್ಟ್ ಕೂಡ ಅದೇ ಹಾದಿ ಹಿಡಿಯಿತು. ಇಂದು ಅದೇ ಸಿನಿಮಾ ಹುಡುಗರ ಜೇಬಿನೊಳಗಿದೆ. ಅಂದು ಬೀದಿಯಲ್ಲಿ ನಿಂತ ಶ್ರಮದ ಕಾಲುಭಾಗವನ್ನು ಧರ್ಮೋಪದೇಶದ ತರಗತಿಗಳಿಗೆ ಹಾಕಿದ್ದರೆ ಶಿವಮೊಗ್ಗದ ತಾಯಿ ಇಷ್ಟು ಗಾಬರಿಪಡಬೇಕಿರಲಿಲ್ಲ ಎಂಬುದು ನನ್ನ ಅಭಿಪ್ರಾಯ. ನೀವು ಒಪ್ಪಬೇಕಿಲ್ಲ.

ಹಾಗೆಂದು ದೂರು ಕೊಡುವುದೇ ತಪ್ಪೆಂದಲ್ಲ. ನಮ್ಮ ದೇಶದ ಸಿನಿಮಾಗಳು ಎಷ್ಟೋ ಕಾಲ ಕ್ರೈಸ್ತನೆಂದರೆ ಕುಡುಕ, ಕ್ರೈಸ್ತ ಹುಡುಗಿಯೆಂದರೆ ತುಂಡು ಫ್ರಾಕಿನ ಕ್ಯಾಬರೆ ನರ್ತಕಿ ಎಂದು ತೋರಿಸಿದವು. ನನಗೆ ಡಾವಿಂಚಿಗಿಂತ ಅದೇ ಹೆಚ್ಚು ಚುಚ್ಚುತ್ತದೆ. ನಿರ್ದೇಶಕರಿಗೆ ಪತ್ರ ಬರೆಯಿರಿ, ಟಿಕೆಟ್ ಕೊಳ್ಳಬೇಡಿ.

ಮರುಪ್ರಶ್ನೆ (ಬೆಂಗಳೂರಿನ ತಂದೆ): ನನ್ನ ಮಗಳಿಗೆ ಎಂಟು ವರ್ಷ. ಸೈತಾನ ಬಿಡಿಸುವ ಸಿನಿಮಾವನ್ನು ಕಸಿನ್‌ಗಳ ಜೊತೆ ನೋಡಿ, ಶಿಲುಬೆ ಹಿಡಿದುಕೊಂಡು ಮಲಗುತ್ತಾಳೆ. ಇಲ್ಲೂ ಕೂಡಿ ನೋಡಬೇಕೇ?

ಉತ್ತರ: ಬೇಡವೇ ಬೇಡ. ಎಂಟು ವರ್ಷದ ಮಗುವಿಗೆ ‘ಇಲ್ಲ’ ಎನ್ನುವುದು ತಂದೆಯ ಅಧಿಕಾರ, ಕರ್ತವ್ಯವೂ ಹೌದು. ಹದಿಹರೆಯದವರಿಗೆ ಹೇಳಿದ್ದನ್ನು ಇಲ್ಲಿಗೆ ತರಬೇಡಿ. 2024ರಿಂದ ‘ಯುಎ’ ವರ್ಗವನ್ನು 7, 13, 16 ಎಂದು ವಯಸ್ಸಿನ ಪ್ರಕಾರ ಒಡೆದಿದ್ದಾರೆ. ಅದನ್ನು ನೋಡಿಕೊಳ್ಳಿ, ಆದರೆ ಅದನ್ನೇ ನಂಬಿ ಕೂರಬೇಡಿ, ಮೊದಲು ನೀವೇ ನೋಡಿ. ಅವಳು ಶಿಲುಬೆಯನ್ನು ತಾಯಿತದಂತೆ ಹಿಡಿದಿದ್ದಾಳೆ, ಗದರಿಸಬೇಡಿ. ಕೆಲವು ರಾತ್ರಿ ಪಕ್ಕದಲ್ಲಿ ಕುಳಿತು ಪ್ರಾರ್ಥನೆ ಹೇಳಿಕೊಡಿ.

ಭಕ್ತಿಯ ಸಿನಿಮಾಗಳಿಗೂ ಇದೇ ಎಚ್ಚರ ಇರಲಿ. 2004ರ ‘ದ ಪ್ಯಾಶನ್ ಆಫ್ ದ ಕ್ರೈಸ್ಟ್’ ಅನ್ನು 17 ತುಂಬದವರು ಹಿರಿಯರಿಲ್ಲದೆ ನೋಡುವಂತಿಲ್ಲ ಎಂದು ಅಮೆರಿಕದಲ್ಲಿ ವರ್ಗೀಕರಿಸಿದ್ದರು. ಯೇಸುಸ್ವಾಮಿಯ ಕಥೆಯೆಂಬ ಒಂದೇ ಕಾರಣಕ್ಕೆ ಪುಟ್ಟ ಮಕ್ಕಳನ್ನು ಅದರ ಮುಂದೆ ಕೂರಿಸುವುದು ನನಗೆ ಸರಿಕಾಣುವುದಿಲ್ಲ. ಅದರ ಕೆಲವು ದೃಶ್ಯಗಳು ಶುಭಸಂದೇಶದಿಂದ ಬಂದವಲ್ಲ, ಜರ್ಮನಿಯ ಸನ್ಯಾಸಿನಿ ಎಮ್ಮೆರಿಕ್ ಅವರ ದರ್ಶನಗಳಿಂದ ಬಂದವು. ನಮಗೆ ಒಪ್ಪುವ ಸಿನಿಮಾದಲ್ಲಿ ಇಂಥದ್ದನ್ನು ನಾವು ಗಮನಿಸುವುದೇ ಇಲ್ಲ.

ಮರುಪ್ರಶ್ನೆ (ಗದಗ-ಬೆಟಗೇರಿಯ ಸೊಸೆ): ನಾವು ಬಾಸೆಲ್ ಮಿಶನ್ ಪರಂಪರೆಯ ಪ್ರೊಟೆಸ್ಟಂಟರು. ಮಾವನವರು ಸಿನಿಮಾವನ್ನೇ ನೋಡುವುದಿಲ್ಲ, ನಾನು ತವರಿನಲ್ಲಿ ನೋಡುತ್ತಾ ಬೆಳೆದವಳು. ಟಿವಿ ಹಾಕಿದರೆ ಎದ್ದು ಹೋಗುತ್ತಾರೆ.

ಉತ್ತರ: ತಂಗೀ, ವಿಗ್ರಹಗಳಿಗೆ ಅರ್ಪಿಸಿದ ಮಾಂಸ ತಿನ್ನಬಹುದೇ ಎಂದು ಕೊರಿಂಥದವರು ಜಗಳವಾಡಿದಾಗ ಸಂತ ಪೌಲರು ಕೊಟ್ಟ ಉತ್ತರವನ್ನು, ಅವರು ಕೊರಿಂಥದವರಿಗೆ ಬರೆದ ಮೊದಲ ಪತ್ರದ 8ನೇ ಅಧ್ಯಾಯದಲ್ಲಿ ಓದಿ. ತಿನ್ನುವವನ ಸ್ವಾತಂತ್ರ್ಯವನ್ನು ಅವರು ಅಲ್ಲಗಳೆಯುವುದಿಲ್ಲ, ಆದರೆ ಪಕ್ಕದವನ ಮನಸ್ಸಾಕ್ಷಿಯ ಹೊಣೆಯನ್ನು ಅವನ ಮೇಲೆಯೇ ಹೊರಿಸುತ್ತಾರೆ. ನಡುಮನೆಯ ಟಿವಿ ಮಾವನವರಿಗೆ ಬಿಟ್ಟುಕೊಡಿ, ನಿಮ್ಮ ಕೋಣೆಯಲ್ಲಿ ನೀವು ನೋಡಿ. ಮಕ್ಕಳ ಎದುರು ಅವರನ್ನು ಹಳೆಯ ಕಾಲದವರೆಂದು ಆಡಿಕೊಳ್ಳಬೇಡಿ.

ಮರುಪ್ರಶ್ನೆ (ಮೈಸೂರಿನ ಯುವ ದಂಪತಿ): ಏನು ನೋಡಬಾರದು ಎಂಬುದಾಯಿತು. ಏನು ನೋಡಬಹುದು?

ಉತ್ತರ: 1995ರಲ್ಲಿ, ಸಿನಿಮಾಕ್ಕೆ ನೂರು ತುಂಬಿದಾಗ, ವ್ಯಾಟಿಕನ್ 45 ಚಿತ್ರಗಳ ಪಟ್ಟಿ ಹೊರಡಿಸಿತು. ಅದರಲ್ಲಿ ಸಂತ ಮತ್ತಾಯರ ಶುಭಸಂದೇಶವನ್ನು ಆಧರಿಸಿ ಪಸೋಲಿನಿ 1964ರಲ್ಲಿ ಮಾಡಿದ ಇಟಾಲಿಯನ್ ಚಿತ್ರವಿದೆ. ಆತ ಮಾರ್ಕ್ಸ್‌ವಾದಿ, ನಾಸ್ತಿಕ. ಆದರೂ ಚಿತ್ರವನ್ನು ಪೋಪ್ 23ನೇ ಜಾನ್ ಅವರ ನೆನಪಿಗೆ ಅರ್ಪಿಸಿದ. ಸಂಭಾಷಣೆಯನ್ನು ಮತ್ತಾಯರಿಂದಲೇ ತೆಗೆದುಕೊಂಡ. ಅಲ್ಲಿಂದ ಆರಂಭಿಸಿ. ಕಪ್ಪು-ಬಿಳುಪು, ಎರಡು ಗಂಟೆಗೂ ಹೆಚ್ಚು, ನಟರು ಬಹುಪಾಲು ಸಾಮಾನ್ಯ ಜನ. ಮೊದಲ ಅರ್ಧ ಗಂಟೆ ಬೇಸರವಾದರೆ ಎದ್ದುಹೋಗಬೇಡಿ, ಯೇಸು ಬೆಟ್ಟದ ಮೇಲೆ ಬೋಧಿಸುವ ಪರ್ವತ ಪ್ರಸಂಗದವರೆಗಾದರೂ ಕುಳಿತಿರಿ.