ನಾಲ್ಕು ಫೂಟಿನ ಹಲಗಿ ಮ್ಯಾಲೆ ನ್ಯಾರೋ ಗೇಜ್ ರೈಲು

ಬಸೂ, ನಿನ್ನೆ ನೀ ಗ್ರೂಪಿನ್ಯಾಗ ಹಾಕಿದ್ದು ನೋಡಿದೆ. ಡಾರ್ಜಿಲಿಂಗ್ ರೈಲಿನ ವಿಡಿಯೊ ಹಾಕಿ, "ಮಾವಾ, ಮನ್ಯಾಗ ಸಣ್ಣ ಮಾದರಿ ರೈಲು ಮಾಡಬೇಕು, ಮ್ಯಾಲಿನ ರೂಮಿನ್ಯಾಗ ನಾಲ್ಕು ಫೂಟಿಗೆ ಎರಡು ಫೂಟು ಜಾಗ ಐತಿ, ಎರಡು ಅಂತಸ್ತಿನ ಹಳಿ, ಸುರಂಗ, ಸೇತುವೆ, ಹಳೇ ಕೊಟ್ಟೂರು ಲೈನಿನಂಥ ಸ್ಟೇಷನ್ನು, ಎಲ್ಲಾ ಕೂಡ್ತೈತೇನು" ಅಂತ ಕೇಳೀದಿ. ಎಲ್ಲಾ ಕೂಡಂಗಿಲ್ಲ. ಆದ್ರ ಕೂಡೂದನ್ನ ಚಂದಾಗಿ ಮಾಡಬಹುದು. ಉದ್ದ ಆಗ್ತೈತಿ, ನಿಧಾನಕ್ಕ ಕೇಳು.

ಮೊದ್ಲು ಗೇಜು, ಅಂದ್ರ ಎರಡು ಹಳಿ ನಡುವಿನ ಅಗಲ. ಡಾರ್ಜಿಲಿಂಗಿಂದು 2 ಫೂಟಿನ ಹಳಿ, ಅಂದ್ರ 610 ಎಂಎಂ. ಹೊಸಪೇಟೆ–ಕೊಟ್ಟೂರು ಲೈನು ಬ್ರಾಡ್ ಗೇಜ್ ಆಗೂಕಿಂತ ಮೊದ್ಲು ಮೀಟರ್ ಗೇಜ್ ಇತ್ತು, ಅದು ನ್ಯಾರೋ ಗೇಜ್ ಅಲ್ಲ. ಎರಡೂ ಗಾಡಿ ಒಂದೇ ಹಳಿ ಮ್ಯಾಲೆ ಬರಂಗಿಲ್ಲ. 1:87 ಸ್ಕೇಲಿನ್ಯಾಗ, ಅಂದ್ರ ನಿಜದ್ದರ 87ರಾಗ ಒಂದು ಪಾಲು ಅಳತಿಗೆ, ನೀನೇ ಲೆಕ್ಕ ಹಾಕು. 1000ಕ್ಕ 87ರಿಂದ ಭಾಗಿಸಿದ್ರ ಹನ್ನೊಂದೂವರಿ, ಅದಕ್ಕ 12 ಎಂಎಂ ಹಳಿ ಬೇಕು. 610ಕ್ಕ 7 ಎಂಎಂ, ಅಷ್ಟು ಸಣ್ಣ ಗಾಡಿ ಹೊಸಬರ ಕೈಯಾಗ ಸರಿಯಾಗಿ ಓಡೂದು ಕಷ್ಟ. ನಡುವ ಎರಡೂವರಿ ಫೂಟಿನ ಗೇಜು ಐತಲ್ಲ, 762 ಎಂಎಂ, ಅದಕ್ಕ 8.76 ಬರ್ತೈತಿ. ಎನ್ ಸ್ಕೇಲ್ ಅಂತ ಇನ್ನೂ ಸಣ್ಣ ಮಾದರಿ ಐತಿ, ಅದರ 9 ಎಂಎಂ ಹಳಿಗೆ ಅದು ಹೊಂದಿಕೊಂಡು ಕೂಡ್ತೈತಿ. ಇದಕ್ಕ ಎಚ್‌ಓಇ ಅಂತಾರ. ಯಲಹಂಕ–ಚಿಕ್ಕಬಳ್ಳಾಪುರ–ಕೋಲಾರ–ಬಂಗಾರಪೇಟೆ ಲೈನು ಇದೇ ಗೇಜಿಂದಿತ್ತು. 1897ರಾಗ ಶುರುವಾದ ಬಾರ್ಶಿ ಲೈನು, ಕಾಲ್ಕಾ–ಶಿಮ್ಲಾ ಲೈನು ಎರಡೂ ಇದೇ. ನೀನು ಸಂಡೂರು ಗುಡ್ಡದ ಬುಡದಾಗ ಓಡೋ ಒಂದು ಕಾಲ್ಪನಿಕ ಲೈನು ಅಂತ ಅಂದುಕೊ, ಗಾಡಿ ಎರಡೂವರಿ ಫೂಟಿಂದು, ಗುಡ್ಡ ನಮ್ಮದು. ಅದೇ ಸರಿ ಹೋಗೂದು.

ಈಗ ಎರಡು ಅಂತಸ್ತು ಯಾಕ ಆಗಂಗಿಲ್ಲ ಅಂತ ಹೇಳ್ತೀನಿ. 9 ಎಂಎಂ ಹಳಿಗೆ ಭಾಳ ಅಂದ್ರ 228 ಎಂಎಂ ತ್ರಿಜ್ಯದ ತನಕ ಬಗ್ಗಿಸು, ಅದಕ್ಕಿಂತ ಬಿಗಿ ಮಾಡಬ್ಯಾಡ. ಅಂಚಿನಿಂದ ಹಳಿ ನಡುವಿಗೆ 50 ಎಂಎಂ ಬಿಟ್ರ 2 ಫೂಟಿನ ಅಗಲದಾಗ ಎರಡೂ ಕಡಿ ತಿರುವು ಕೂಡ್ತಾವ, ನೆಟ್ಟನ ಹಳಿ ಒಂದೊಂದು ಕಡಿ 66 ಸೆಂಟಿಮೀಟರ್ ಸಿಗ್ತೈತಿ. ಒಂದು ಸುತ್ತು ಅಂದ್ರ ಒಟ್ಟು 2.75 ಮೀಟರ್. ಕೆಳಗ ಒಂದು ಗಾಡಿ ಹಾಯ್ದು ಮ್ಯಾಲೆ ಸೇತುವೆ ಬರಬೇಕಂದ್ರ, ಸೇತುವೆ ದಪ್ಪ ಹಿಡಿದು 60 ಎಂಎಂ ಏರಬೇಕು. ಸಣ್ಣ ಎಂಜಿನ್ನು ಮೂರು ಡಬ್ಬಿ ಎಳಕೊಂಡು ಹತ್ತಬೇಕಂದ್ರ 40ಕ್ಕ 1 ಏರು ಸಾಕು, ಅಂದ್ರ ಮೀಟರಿಗೆ 25 ಎಂಎಂ. ಬರೇ ಏರಾಕನ 2.4 ಮೀಟರ್, ಇಳಿಯಾಕ ಮತ್ತೆ ಅಷ್ಟೇ. ಹಲಗಿ ಮುಗಿದು ಹೋತು. ಅದಕ್ಕ ಹಳಿ ಪೂರಾ ಸಪಾಟ ಇಡು, ನೆಲಾನ ಏರಿಸು, ಇಳಿಸು. ಮುಂದ ಒಂದು ಕಡಿ ಪ್ಲೈವುಡ್ ಕೊರದು 5 ಸೆಂಟಿಮೀಟರ್ ಕೆಳಗ ಹಳ್ಳ ಮಾಡು, ಅದರ ಮ್ಯಾಲೆ ಸೇತುವೆ. ಹಿಂದ ಗುಡ್ಡ. ನೋಡಾಕ ಗಾಡಿ ಹತ್ತಿ ಇಳಿದಂಗ ಕಾಣ್ತೈತಿ, ಎಂಜಿನ್ನಿಗೆ ಭಾರ ಇಲ್ಲ.

ಇನ್ನ ಮುಖ್ಯ ಮಾತು, ಇದನ್ನ ಎರಡು ಸಲ ಕೇಳು. ನ್ಯಾರೋ ಗೇಜ್ ಎಂಜಿನ್ನಿಗೆ ಹೆಚ್ಚಾಗಿ ನಾಲ್ಕೇ ಗಾಲಿ, ಮುಂದಿನ ಗಾಲಿಗೂ ಹಿಂದಿನ ಗಾಲಿಗೂ ನಡುವ ಒಂದು ಬೆರಳು ಜಾಗ. ಒಂದೊಂದು ಹಳಿಗೆ ಎರಡೆರಡೇ ಗಾಲಿ ಮುಟ್ಟಿ ಕರೆಂಟ್ ತಗೋತಾವ. ಒಂದು ಗಾಲಿ ಪಾಯಿಂಟಿನ (ಗಾಡಿ ಒಂದು ಹಳಿಯಿಂದ ಇನ್ನೊಂದಕ್ಕ ತಿರುಗೋ ಜಾಗ) ಪ್ಲಾಸ್ಟಿಕ್ ಮ್ಯಾಲೆ, ಇನ್ನೊಂದು ಧೂಳಿನ ಮ್ಯಾಲೆ ಬಂತಂದ್ರ ಗಾಡಿ ಅಲ್ಲೇ ನಿಂತೈತಿ. ದೊಡ್ಡ ಎಂಜಿನ್ನಿಗೆ ಎಂಟು, ಹನ್ನೆರಡು ಗಾಲಿ ಇರ್ತಾವ, ಎಲ್ಲೋ ಒಂದು ಮುಟ್ಟೇ ಇರ್ತೈತಿ. ಇದಕ್ಕ ಆ ಅನುಕೂಲ ಇಲ್ಲ. ನ್ಯಾರೋ ಗೇಜ್ ಮಾಡಿ ಬ್ಯಾಸತ್ತು ಬಿಡೋರು ಹೆಚ್ಚಾಗಿ ಇದೇ ಕಾರಣಕ್ಕ ಬಿಡ್ತಾರ. ಅದಕ್ಕ ನಿನ್ನ ರೊಕ್ಕ, ನಿನ್ನ ತಾಳ್ಮಿ ಎಲ್ಲಾ ಮೊದ್ಲು ಹಳಿಗೆ ಹಾಕು. ಗುಡ್ಡ, ಮನಿ, ಗಿಡ ಆಮ್ಯಾಲೆ.

ಹಲಗಿಗೆ 12 ಎಂಎಂ ಬಿಡಬ್ಲ್ಯುಆರ್ (ನೀರು ತಡಿಯೋ) ಪ್ಲೈವುಡ್ ತಗೊ. ಎಂಡಿಎಫ್ (ಕಟ್ಟಿಗಿ ನಾರು ಒತ್ತಿ ಮಾಡಿದ ಹಲಗಿ) ಬ್ಯಾಡ, ನೀರು ಕುಡಿದು ಉಬ್ಬಿದ್ರ ಮತ್ತ ಇಳಿಯಂಗಿಲ್ಲ. ಕೆಳಗ 2 ಇಂಚಿಗೆ 1 ಇಂಚಿನ ಕಟ್ಟಿಗಿ ಪಟ್ಟಿ ಸುತ್ತಲೂ, ಅಡ್ಡಕ ಫೂಟಿಗೊಂದರಂಗ ಮೂರು. ಬಡಿಗ್ಯಾರಿಗೆ ಹೇಳಿ ಅಂಟು ಹಾಕಿ ಸ್ಕ್ರೂ ಹೊಡಸು, ಮೊಳಿ ಬ್ಯಾಡ. ಗೆದ್ದಲದ ಎಣ್ಣಿ ಎರಡು ಕೋಟು ಹಚ್ಚು, ಕೆಳಗಿನ ಮೈಗೂ ಅಂಚಿಗೂ ತಪ್ಪದ. ಅಂಚಿಗೆ ಒಂದು ಇಂಚು ಎತ್ತರದ ಪಟ್ಟಿ ಕಟ್ಟು, ಗಾಡಿ ಹಳಿ ತಪ್ಪಿದ್ರ ನೆಲಕ್ಕ ಬೀಳಬಾರದು. ಮತ್ತ ಒಂದು ಮಾತು, ಏರ್ ಕೂಲರ್ ಇಡೋ ರೂಮಿನ್ಯಾಗ ಇದನ್ನ ಇಡಬ್ಯಾಡ. ಬ್ಯಾಸಿಗಿ ತುಂಬ ಆ ಹಸಿ ಗಾಳಿ ಹೊಡದು ಕಟ್ಟಿಗಿ ಉಬ್ತೈತಿ, ಸ್ಕ್ರೂ ತುಕ್ಕು ಹಿಡೀತಾವ.

ಹಳಿ ತರಸೂವಾಗ ನಿಕಲ್ ಸಿಲ್ವರ್ ಅಂತ ಕೇಳಿ ತರಸು. ಕಬ್ಬಿಣದ್ದು ತುಕ್ಕು ಹಿಡೀತೈತಿ, ಹಿತ್ತಾಳಿದು ಕರ್ರಗಾಗಿ ಕರೆಂಟ್ ಬಿಡಂಗಿಲ್ಲ. ಪೆಕೊ ಕಂಪನಿದು 914 ಎಂಎಂ ಉದ್ದದ ಬಗ್ಗೋ ಹಳಿ ಬರ್ತಾವ, ಅಂಥವು ಐದು ಸಾಕು. ಪಾಯಿಂಟ್ ಮೂರು: ಸ್ಟೇಷನ್ನಿನ ಲೂಪಿಗೆ (ಎರಡೂ ತುದಿ ಮುಖ್ಯ ಹಳಿಗೆ ಕೂಡೋ ಪಕ್ಕದ ಹಳಿ) ಎರಡು, ಸೈಡಿಂಗಿಗೆ (ಒಂದೇ ತುದಿ ಕೂಡೋ ಹಳಿ) ಒಂದು. 66 ಸೆಂಟಿಮೀಟರ್ ನೆಟ್ಟನ ಜಾಗದಾಗ ಎರಡು ಪಾಯಿಂಟ್ ಹಾಕಿದ ಮ್ಯಾಲೆ ಗಾಡಿ ನಿಲ್ಲಾಕ ಸುಮಾರು 30 ಸೆಂಟಿಮೀಟರ್ ಉಳೀತೈತಿ. ಎಂಜಿನ್ನು 6, ಡಬ್ಬಿ 8ರಂಗ ಮೂರು, ಅಲ್ಲಿಗೆ ಮುಗೀತು. ಅದಕ್ಕಿಂತ ಉದ್ದ ಗಾಡಿ ಆಸೆ ಮಾಡಬ್ಯಾಡ.

ಬಗ್ಗೋ ಹಳಿ ಕೂಡಿಸೋ ಜಾಗ ತಿರುವಿನ್ಯಾಗ ಬಂತಂದ್ರ ಅಲ್ಲಿ ಮೂಲಿ ಬೀಳ್ತೈತಿ, ಗಾಡಿ ಅಲ್ಲೇ ಹಳಿ ತಪ್ತೈತಿ. ಅದಕ್ಕ ಎರಡು ಹಳಿ ನೆಟ್ಟಗಿದ್ದಾಗನ ಕೂಡಿಸಿ ಬೆಸುಗಿ ಹಾಕು, ಆಮ್ಯಾಲೆ ಬಗ್ಗಿಸು. ಬಗ್ಗಿಸಿದಾಗ ಒಳಗಿನ ಹಳಿ ಉದ್ದ ಹೊರಗ ಬರ್ತೈತಿ, ಅರ್ಧ ಸುತ್ತಿಗೆ 28 ಎಂಎಂ, ಅಷ್ಟು ಕತ್ತರಿಸಿ ಅರದಿಂದ ತಿಕ್ಕಿ ಚೂಪು ತೆಗಿ. ನಮ್ಮ ಕಡಿ ಡಿಸೆಂಬರಿಗೂ ಮೇಗೂ 25 ಡಿಗ್ರಿ ಮ್ಯಾಲೆ ಫರಕ್ ಬರ್ತೈತಿ, ಒಂದು ಹಳಿ 0.4 ಎಂಎಂ ಬೆಳೀತೈತಿ. ಚಳಿಗಾಲದಾಗ ಹಾಕಿದ್ರ ಬೆಸುಗಿ ಇಲ್ಲದ ಕಡಿ ಒಂದು ಎಟಿಎಂ ಕಾರ್ಡ್ ತೂರೂವಷ್ಟು ಸಂದು ಬಿಡು. ಎಲ್ಲಾ ಜಾಯಿಂಟಿಗೂ ಬೆಸುಗಿ ಹಾಕಿ ಬಿಟ್ರ ಏಪ್ರಿಲ್‌ದಾಗ ಹಳಿ ಹಾವಿನಂಗ ಸೊಟ್ಟ ಆಗ್ತೈತಿ. ಹಳಿ ಕೆಳಗ 3 ಎಂಎಂ ಕಾರ್ಕ್ ಇಲ್ಲಾ ಫೋಮ್ ಶೀಟು, ಅದಕ್ಕ ತೆಳ್ಳಗ ಫೆವಿಕಾಲ್. ಒಣಗೋ ತನಕ ಗುಂಡುಪಿನ್ನಿನಿಂದ ಹಿಡಿ, ಆಮ್ಯಾಲೆ ಕಿತ್ತು ಬಿಡು. ಸ್ಲೀಪರ್ (ಹಳಿ ಕೆಳಗಿನ ಅಡ್ಡ ಪಟ್ಟಿ) ನಡುವ ಮೊಳಿ ಜಡಿದ್ರ ಸ್ಲೀಪರ್ ಬಗ್ಗಿ ಹಳಿ ಹತ್ರ ಆಗ್ತಾವ, ಗಾಲಿ ಸಿಕ್ಕೊಂತಾವ.

ಅಕ್ಕಾ, ಗ್ರೂಪಿನ್ಯಾಗ ನೀನೂ ಇದ್ದೀಯಲ್ಲ, ಈಗ ಕರೆಂಟಿನ ಮಾತು, ನೀನೂ ಕೇಳು. ಹಳಿಗೆ ಹೋಗೂದು 12 ವೋಲ್ಟ್ ಡಿಸಿ, ಮುಟ್ಟಿದ್ರ ಶಾಕ್ ಹೊಡಿಯಂಗಿಲ್ಲ. ಆದ್ರ ಗೋಡಿ ಪ್ಲಗ್ಗಿಂದ ಹಲಗಿ ತನಕ ಮನಿ ಕರೆಂಟ್ ತರಬಾರದು. ಪ್ಲಗ್ಗಿನ್ಯಾಗ ಕೂಡೋ 12 ವೋಲ್ಟ್ 2 ಆಂಪ್ಸ್ ಅಡಾಪ್ಟರ್ ತಂದು, ಅದರಿಂದ ಮುಂದ ಬರೇ ಸಣ್ಣ ವೈರು.

ಬಸೂ, ಅಡಾಪ್ಟರಿಂದ ಸ್ಪೀಡ್ ಕಂಟ್ರೋಲರ್, ಕಂಟ್ರೋಲರಿಂದ ಹಳಿಗೆ ಹೋಗೋ ಒಂದು ವೈರಿಗೆ ನಡುವ ಬೈಕಿನ ಇಂಡಿಕೇಟರ್ ಬಲ್ಬ್ ಹಾಕು, 12 ವೋಲ್ಟ್ 10 ವ್ಯಾಟ್. ಗಾಡಿ ಸುಮ್ಮ ಓಡೂವಾಗ ಬಲ್ಬ್ ಹತ್ತಂಗಿಲ್ಲ, ಯಾಕಂದ್ರ ಆ ಮೋಟರು ತಗೊಳ್ಳೂದು ಕಡಿಮಿ. ಹಳಿ ಮ್ಯಾಲೆ ಶಾರ್ಟ್ ಆತಂದ್ರ ಬಲ್ಬ್ ಢಾಳಾಗಿ ಹತ್ತಿ ಕರೆಂಟನ್ನ ಒಂದು ಆಂಪ್ಸ್ ಒಳಗ ಹಿಡೀತೈತಿ. ಹೆಚ್ಚಿನ ಖರ್ಚಿಲ್ಲ, ಎಂಜಿನ್ನು ಉಳೀತೈತಿ. ಕಂಟ್ರೋಲರ್ ಅಗ್ಗದ ಪಿಡಬ್ಲ್ಯುಎಂ (ಕರೆಂಟನ್ನ ಬಿಟ್ಟು ಬಿಟ್ಟು ಕೊಟ್ಟು ಸ್ಪೀಡ್ ಹಿಡಿಯೋ) ಬೋರ್ಡ್ ತಗೊಂಡ್ರ ಫ್ರೀಕ್ವೆನ್ಸಿ ನೋಡು. ಕಡಿಮಿ ಫ್ರೀಕ್ವೆನ್ಸಿದು ಕೋರ್‌ಲೆಸ್ (ಸುರುಳಿ ಒಳಗ ಕಬ್ಬಿಣದ ತಿರುಳಿಲ್ಲದ) ಮೋಟರಿಗೆ ಹಾಕಿದ್ರ ಗುಂಯ್ ಅಂತ ಕಾದು ಸುಡ್ತೈತಿ. 20 ಕಿಲೊಹರ್ಟ್ಜ್ ಮ್ಯಾಲಿಂದು ಇರಲಿ.

ಹಲಗಿ ಕೆಳಗ ಕೆಂಪು, ಕರೆ ಎರಡು ಮುಖ್ಯ ವೈರು ಎಳಿ, 1 ಸ್ಕ್ವೇರ್ ಎಂಎಂ ಮನಿ ವೈರೇ ಸಾಕು. ಅದರಿಂದ ಪ್ರತಿ ಹಳಿ ತುಂಡಿಗೂ ಒಂದೊಂದು ಸಣ್ಣ ವೈರು ಏರಿಸು. ಹಳೇ ಲ್ಯಾನ್ ಕೇಬಲ್ ಬಿಚ್ಚಿದ್ರ ಒಳಗಿನ ತಂತಿ ಇದಕ್ಕ ಹೇಳಿ ಮಾಡಿಸಿದಂಗ ಐತಿ. ಜಾಯಿಂಟ್ ಪಟ್ಟಿ ನಂಬಿ ಒಂದೇ ಕಡಿ ವೈರ್ ಕೊಟ್ರ ಎರಡು ಮಳಿಗಾಲ ಕಳಿಯೂದ್ರಾಗ ಆ ಕಡಿ ತುದಿಗೆ ಗಾಡಿ ನಿಧಾನ ಆಗ್ತೈತಿ. ಬೆಸುಗಿಗೆ ರೋಸಿನ್ ಇರೋ ತಂತಿ ಬಳಸು, ಆ್ಯಸಿಡ್ ಫ್ಲಕ್ಸ್ ಮುಟ್ಟಬ್ಯಾಡ, ಹಳಿ ಹಸರಗಟ್ಟಿ ತಿಂದು ಹೋಗ್ತೈತಿ. ಸೋಲ್ಡರಿಂಗ್ ಐರನ್ ಪೂರಾ ಕಾಯಲಿ, ಎರಡು ಸೆಕೆಂಡಿನ್ಯಾಗ ಮುಟ್ಟಿಸಿ ತೆಗಿ. ಆ ಕಡಿ ಈ ಕಡಿ ಒದ್ದಿ ಹತ್ತಿ ಇಡು, ಇಲ್ಲಾಂದ್ರ ಸ್ಲೀಪರ್ ಕರಗ್ತಾವ.

ಪಾಯಿಂಟ್ ತರಸೂವಾಗ ಲೋಹದ ಫ್ರಾಗ್ ಇರೂದು ತರಸು. ಎರಡು ಹಳಿ ಒಂದನ್ನೊಂದು ದಾಟೋ ಆ ವಿ ಆಕಾರದ ಜಾಗಕ್ಕ ಫ್ರಾಗ್ ಅಂತಾರ. ಪ್ಲಾಸ್ಟಿಕ್ಕಿಂದಿದ್ರ ಮ್ಯಾಲೆ ಹೇಳಿದಂಗ ನಾಲ್ಕು ಗಾಲಿ ಗಾಡಿ ಅಲ್ಲೇ ಸಾಯ್ತೈತಿ. ಲೋಹದ್ದಾದ್ರ ಅದರಿಂದ ಹೊರಡೋ ಎರಡು ಒಳ ಹಳಿಗೆ ಪ್ಲಾಸ್ಟಿಕ್ ಜಾಯಿಂಟ್ ಹಾಕಲೇಬೇಕು. ಮರೆತು ಲೋಹದ ಜಾಯಿಂಟ್ ಹಾಕಿದ್ರ ಪಾಯಿಂಟ್ ತಿರುವಿದ ಕೂಡಲೇ ಬಲ್ಬ್ ಹತ್ತಿ ಕುಂದರ್ತೈತಿ. ಫ್ರಾಗಿಗೆ ಕರೆಂಟ್ ಕೊಡಾಕ ಒಂದು ಮೈಕ್ರೋಸ್ವಿಚ್, ಪಾಯಿಂಟ್ ಕಡ್ಡಿ ಸರದಂಗ ಅದೂ ಬದಲಾಗಬೇಕು. ಬರೇ ಪಾಯಿಂಟಿನ ನಾಲಿಗಿ ಮುಟ್ಟೂದನ್ನ ನಂಬಿದ್ರ ಅದರ ಸಂದಿನ್ಯಾಗ ಒಂದು ಕಾಳು ಧೂಳು ಸಾಕು, ಕರೆಂಟ್ ಹೋಗ್ತೈತಿ.

ಇಷ್ಟಾದ ಮ್ಯಾಲೆ ಜಲ್ಲಿ ಹಾಕಬ್ಯಾಡ. ಒಂದು ವಾರ ಬರೇ ಗಾಡಿ ಓಡಿಸು, ಮುಂದ, ಹಿಂದ, ಭಾಳ ನಿಧಾನಕ್ಕ. ಎಲ್ಲಿ ನಿಂತಿತೋ ಅಲ್ಲಿ ಪೆನ್ಸಿಲ್ ಗುರುತು ಹಾಕು. ಗಾಡಿ ಬದಲಾದ್ರೂ ಒಂದೇ ಜಾಗದಾಗ ತಪ್ಪಿದ್ರ ತಪ್ಪು ಹಳಿದು. ಒಂದೇ ಡಬ್ಬಿ ಎಲ್ಲಾ ಕಡಿ ತಪ್ಪಿದ್ರ ತಪ್ಪು ಗಾಲಿದು: ಎರಡು ಗಾಲಿ ಒಳ ಮೈ ನಡುವ ಸುಮಾರು 7.4 ಎಂಎಂ ಇರಬೇಕು, ವರ್ನಿಯರ್ ಹಿಡದು ನೋಡು. ಸುರಂಗ ಮುಚ್ಚೂಕಿಂತ ಮೊದ್ಲು ಅತಿ ಉದ್ದ ಡಬ್ಬಿ ಎರಡೂ ಬದಿಗೆ ಪೆನ್ಸಿಲ್ ಕಟ್ಟಿ ತಿರುವಿನ್ಯಾಗ ಎಳಿ. ಅದು ಎಳದ ಗೆರಿಗಿಂತ 5 ಎಂಎಂ ಆಚೆ ಗೋಡಿ ಬರಲಿ. ಸುರಂಗದ ಹಿಂದ ಕೈ ಹೋಗೂವಷ್ಟು, 12 ಸೆಂಟಿಮೀಟರ್ ಕಿಂಡಿ ಬಿಡೂದು ಮರೀಬ್ಯಾಡ.

ಜಲ್ಲಿ ವಿಷಯ. ನಿಜ ಜಲ್ಲಿ 4–5 ಸೆಂಟಿಮೀಟರ್, 87ರಿಂದ ಭಾಗಿಸಿದ್ರ ಅರ್ಧ ಎಂಎಂ, ಅಂದ್ರ ಸಣ್ಣ ರವಾ. ಕ್ರಷರ್ ಪುಡಿ ತಂದು ಚಾ ಸೋಸೋ ಜಾಳಿಗಿ ಹಿಡದು ದಪ್ಪ ತೆಗಿ, ಮತ್ತ ತೆಳ್ಳನ ಅರಿವಿ ಒಳಗ ಜರಡಿ ಹಿಡದು ಹಿಟ್ಟು ತೆಗಿ, ನಡುವ ಉಳಿದಿದ್ದು ತೊಳದು ಒಣಗಿಸು. ನಮ್ಮ ಊರಾಗ ಎಲ್ಲರಿಗೂ ಮೊದ್ಲು ಅದಿರಿನ ಪುಡಿ ಹಾಕೋ ಆಸೆ ಬರ್ತೈತಿ, ಬಣ್ಣ ಚಂದ ಐತಿ ನೋಡು. ಸಂಡೂರಿನ ಅದಿರು ಹೆಚ್ಚಾಗಿ ಹೆಮಟೈಟ್, ಅದು ಅಯಸ್ಕಾಂತಕ್ಕ ಅಷ್ಟು ಎಳಿಯಂಗಿಲ್ಲ. ಆದ್ರ ಅದರಾಗ ಮ್ಯಾಗ್ನಟೈಟ್ ಕಾಳು ಸೇರಿದ್ರ ಎಂಜಿನ್ನಿನ ಮೋಟರ್ ಅಯಸ್ಕಾಂತ ಅದನ್ನ ಕೆಳಗಿಂದನ ಎಳಕೊಂತೈತಿ, ಗಿಯರಿನ್ಯಾಗ ಹೊಕ್ಕು ಅರೀತೈತಿ. ಹೊಳಿ ಉಸುಕಿನ್ಯಾಗೂ ಇಂಥ ಕರೆ ಕಾಳು ಇರ್ತಾವ. ಏನೇ ಹಾಕಿದ್ರೂ ಮೊದ್ಲು ತಾಟಿನ್ಯಾಗ ಹರವಿ, ಪ್ಲಾಸ್ಟಿಕ್ ಚೀಲದಾಗ ಅಯಸ್ಕಾಂತ ಸುತ್ತಿ ಮ್ಯಾಲೆ ಆಡಿಸು. ಒಂದು ಕಾಳೂ ಅಂಟಬಾರದು. ಆಮ್ಯಾಲೆ ಬ್ರಶ್ಶಿನಿಂದ ಹರವಿ, ನೀರು ಸಿಂಪಡಿಸಿ, ಒಂದು ಪಾಲು ಫೆವಿಕಾಲ್ ಮೂರು ಪಾಲು ನೀರು, ಎರಡು ಹನಿ ಪಾತ್ರಿ ತೊಳಿಯೋ ಲಿಕ್ವಿಡ್ ಕಲಿಸಿ ಸಿರಿಂಜಿನಿಂದ ಹನಿ ಹನಿ ಬಿಡು. ಲಿಕ್ವಿಡ್ ಹಾಕದಿದ್ರ ಹನಿ ಮುತ್ತಿನಂಗ ಮ್ಯಾಲೇ ಉರುಳಿ ಜಲ್ಲಿ ಎಳಕೊಂಡು ಹೋಗ್ತೈತಿ. ಪಾಯಿಂಟಿನ ನಾಲಿಗಿ ಹತ್ರ ಜಲ್ಲಿ ಬ್ಯಾಡ, ಅಲ್ಲಿ ಬರೇ ಬಣ್ಣ ಹಚ್ಚು.

ನೆಲಕ್ಕ ಮಸಾರಿ ಮಣ್ಣು ಜರಡಿ ಹಿಡದು ಹಂಚಿನ ಮ್ಯಾಲೆ ಹುರದು ಹಾಕು, ಹುಳ ಸಾಯ್ತಾವ. ಎರಿ ಮಣ್ಣು ಹಾಕಬ್ಯಾಡ, ಒಣಗಿದ ಕೂಡಲೇ ಹೊಲದಾಗ ಬಿಟ್ಟಂಗ ಬಿರುಕು ಬಿಡ್ತೈತಿ. ಗುಂಡುಗಲ್ಲಿನ ಗುಡ್ಡಕ್ಕ ನಿಜ ಕಲ್ಲು ಭಾರ ಆಗ್ತೈತಿ, ಥರ್ಮಾಕೋಲ್ ಕೊರದು ಮ್ಯಾಲೆ ಪಿಒಪಿ ಬಳಿ. ಆರು ಮೀಟರಿನ ಗುಂಡು 7 ಸೆಂಟಿಮೀಟರ್ ಬರ್ತೈತಿ, ಮನಷ್ಯಾ 2 ಸೆಂಟಿಮೀಟರ್. ಬಣ್ಣ ಬರೇ ಬೂದಿ ಅಲ್ಲ. ಆನೆಗೊಂದಿ ಕಡಿ ಹೋದಾಗ ಕಣ್ಣಿಟ್ಟು ನೋಡು, ಕಲ್ಲಿನ ಬಿಸಿಲು ಮೈ ಕಂದು ಗುಲಾಬಿ, ಮಳಿ ನೀರು ಇಳಿದ ಕಡಿ ಕರೆ ಪಟ್ಟಿ. ಆ ಪಟ್ಟಿ ಎಳದ್ರನ ಅದು ನಮ್ಮ ಗುಡ್ಡ ಆಗೂದು. ಬಳ್ಳಾರಿ ಜಾಲಿ ಗಿಡಕ್ಕ ವೈರಿನ ಎಳಿ ಇಪ್ಪತ್ತು ಕೂಡಿಸಿ ತಿರುವಿ 5 ಸೆಂಟಿಮೀಟರ್ ಮಾಡು.

ಧೂಳಿಗೆ: ಓಡಿಸೂಕಿಂತ ಮೊದ್ಲು ಪ್ರತಿ ಸಲ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಅರಿವಿಯಿಂದ ಹಳಿ ಒರಸು. ಉಸುಕಿನ ಕಾಗದದಿಂದ ತಿಕ್ಕಬ್ಯಾಡ, ಗೀರು ಬಿದ್ದು ಅದರಾಗನ ಹೊಲಸು ಕುಂದರ್ತೈತಿ. ಮುಚ್ಚಾಕ ಹತ್ತಿ ಸೀರಿ ಬ್ಯಾಡ, ಅದರ ಎಳಿ ಬಿದ್ದು ಗಾಲಿ ಅಚ್ಚಿಗೆ ಸುತ್ಕೊಂತಾವ. ಪಾಲಿಸ್ಟರ್ ಸೀರಿ ಇಲ್ಲಾ ಪ್ಲಾಸ್ಟಿಕ್ ಹಾಳಿ.

ಈಗ ಏನೂ ಆರ್ಡರ್ ಮಾಡಬ್ಯಾಡ. ಹಳೇ ಪೇಪರ್ ಅಂಟಿಸಿ 4 ಫೂಟಿಗೆ 2 ಫೂಟಿನ ಹಾಳಿ ಮಾಡು, ಸೂಜಿ ದಾರ ಕಟ್ಟಿ 228 ಎಂಎಂ ತಿರುವು ಎಳಿ, ಪಾಯಿಂಟ್ ಮೂರು ರಟ್ಟಿನ್ಯಾಗ ಕತ್ತರಿಸಿ ಇಟ್ಟು, ಪಕ್ಕದಾಗ ಸ್ಕೇಲ್ ಇಟ್ಟು ಫೋಟೊ ಹಾಕು. ಎಡಕ್ಕ ತಿರುಗೋ ಪಾಯಿಂಟ್ ಎಷ್ಟು, ಬಲಕ್ಕ ತಿರುಗೋವು ಎಷ್ಟು ತರಸಬೇಕು ಅಂತ ಅದನ್ನ ನೋಡಿ ಹೇಳ್ತೀನಿ.