ಅಪ್‌ಡೇಟ್: ತರಗತಿಗೆ ಯಾವ ಆನ್‌ಲೈನ್ ಟೂಲ್ ಎಂದು ಕೇಳಿದ್ದೆನಲ್ಲ

ವಿಜ್ಞಾನ ಪಾಠ ಮಾಡಲು ಹೊಸದಾಗಿ ಸೇರಿದ್ದೇನೆ, ಮಕ್ಕಳ ಹತ್ತಿರ ಫೋನ್ ಇಲ್ಲ, ಇರುವುದು ಒಂದು ಪ್ರೊಜೆಕ್ಟರ್, ನನ್ನ ಲ್ಯಾಪ್‌ಟಾಪ್ ಮತ್ತು ಫೋನ್ ಅಷ್ಟೇ, ಏನು ಬಳಸಲಿ ಎಂದು ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಧನ್ಯವಾದ.

ನೀವು ಹೇಳಿದ ಹಾಗೆ ಎರಡೇ ಟೂಲ್ ಇಟ್ಟುಕೊಂಡೆ. ಒಂದು ಫೆಟ್. ಕೊಲೊರಾಡೊ ವಿಶ್ವವಿದ್ಯಾಲಯದಲ್ಲಿ 2002ರಲ್ಲಿ ಶುರುವಾದ ಉಚಿತ ಸಿಮ್ಯುಲೇಶನ್‌ಗಳು, ಅಂದರೆ ಪರದೆ ಮೇಲೆಯೇ ಮಾಡುವ ಪ್ರಯೋಗಗಳು. ಮೊದಲೇ ಡೌನ್‌ಲೋಡ್ ಮಾಡಿಟ್ಟರೆ ನೆಟ್ ಇಲ್ಲದೆಯೂ ನಡೆಯುತ್ತವೆ. ಬ್ಯಾಟರಿ, ವೈರ್, ಬಲ್ಬ್ ಜೋಡಿಸಿದರೆ ಎಲೆಕ್ಟ್ರಾನ್‌ಗಳ ಓಟ ಪರದೆ ಮೇಲೆ ಕಾಣುತ್ತದೆ. ಆದರೆ ತಕ್ಷಣ ತೋರಿಸುವುದಿಲ್ಲ. “ಸರಣಿಯಲ್ಲಿ, ಅಂದರೆ ಅದೇ ವೈರ್‌ನಲ್ಲಿ ಒಂದರ ನಂತರ ಒಂದರಂತೆ, ಇನ್ನೊಂದು ಬಲ್ಬ್ ಸೇರಿಸಿದರೆ ಬೆಳಕು ಜಾಸ್ತಿಯಾಗುತ್ತಾ, ಕಡಿಮೆಯಾಗುತ್ತಾ?” ಎಂದು ಮೊದಲು ಕೇಳುತ್ತೇನೆ. ಮಕ್ಕಳು ಊಹಿಸಿ, ಪಕ್ಕದವರ ಜೊತೆ ವಾದ ಮಾಡಿದ ಮೇಲೆಯೇ ಬಲ್ಬ್ ಸೇರಿಸುವುದು. ಆ ವಾದದಲ್ಲೇ ಅರ್ಧ ಪಾಠ ಆಗಿಹೋಗುತ್ತದೆ!

ಇನ್ನೊಂದು ಪ್ಲಿಕರ್ಸ್, ಆಯ್ಕೆ ಪ್ರಶ್ನೆಗೆ ಇಡೀ ತರಗತಿಯ ಉತ್ತರ ಒಟ್ಟಿಗೆ ಪಡೆಯುವ ಆಪ್. ಪ್ರತಿ ಮಗುವಿಗೂ ಒಂದು ಕಾಗದದ ಕಾರ್ಡ್. ತಮ್ಮ ಉತ್ತರದ ಅಕ್ಷರ ಮೇಲೆ ಬರುವಂತೆ ಹಿಡಿದರೆ ಸಾಕು, ನನ್ನ ಫೋನ್ ಕ್ಯಾಮೆರಾ ಎಲ್ಲವನ್ನೂ ಓದಿಕೊಳ್ಳುತ್ತದೆ. ಪ್ರತಿ ಕಾರ್ಡಿನ ಚಿತ್ರವೂ ಬೇರೆ, ಹಾಗಾಗಿ ಪಕ್ಕದವರದು ನೋಡಿ ಹಿಡಿಯುವುದು ಸುಲಭವಲ್ಲ. ಕೈ ಎತ್ತದ ಮಕ್ಕಳ ಉತ್ತರವೂ ಸಿಗುತ್ತದೆ, ನನಗೆ ಬೇಕಾಗಿದ್ದೂ ಅದೇ ಅಲ್ವಾ? ಬಲ್ಬ್ ದಾಟಿದ ಮೇಲೆ ಕರೆಂಟ್ ಕಡಿಮೆಯಾಗುತ್ತದೆ ಎಂದು ಬಹಳಷ್ಟು ಮಕ್ಕಳು ನಂಬಿದ್ದರು. ಮರುದಿನ ಬಲ್ಬಿನ ಎರಡೂ ಕಡೆ ಕರೆಂಟ್ ಅಳೆಯುವ ಅಮ್ಮೀಟರ್ ಇಟ್ಟು ತೋರಿಸಿದೆ. ಎರಡೂ ಕಡೆ ಒಂದೇ ಅಳತೆ!

ವೇಗಕ್ಕೆ ಅಂಕ ಕೊಡುವ ಕ್ವಿಜ್‌ಗಳನ್ನು ಸದ್ಯಕ್ಕೆ ಬಿಟ್ಟಿದ್ದೇನೆ. ನಿಧಾನವಾಗಿ ಯೋಚಿಸುವ ಮಕ್ಕಳಿಗೆ ಅದು ಸರಿಯಲ್ಲ.

ಈಗ ಗಣಿತದ ಟೀಚರ್ ಜಿಯೋಜಿಬ್ರಾ (ಆಕೃತಿ, ಗ್ರಾಫ್ ಬರೆದು ತೋರಿಸುವ ಗಣಿತದ ಟೂಲ್) ಬಗ್ಗೆ ಕೇಳುತ್ತಿದ್ದಾರೆ. ಒಂದೇ ಪರದೆಯಲ್ಲಿ ಅದನ್ನು ಬಳಸಿದವರಿದ್ದರೆ ದಯವಿಟ್ಟು ಹೇಳಿ.